ಒಂದು ತಟ್ಟೆ ಹುಳ ಅಕ್ಕನ ಮಂಚದ ಪಕ್ಕ

ನಿನ್ನೆ ನಮ್ಮಕ್ಕ ರೇಷ್ಮೆ ಹುಳದ ಮನೆಯಲ್ಲಿ ಕೂತು ಬಲಿತ ಹಣ್ಣು ಹುಳ ಆಯ್ದಳು. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಒಂದಲ್ಲ, ಎರಡು ತುಂಬಿಸಿದಳು. ಮೂರು ತಿಂಗಳಿಂದ ಮಗ್ಗುಲು ಹೊರಳಬೇಕಾದರೂ ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದವಳು ನಿನ್ನೆ ಗೋಡೆಗೆ ದಿಂಬು ಕೊಟ್ಟುಕೊಂಡು, ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ಬೈಯುತ್ತಾ ಹುಳ ಆಯ್ದಳು. ಆ ಬೈಗುಳ ಕೇಳಿ ನನಗಾದ ಸಂತೋಷ ಹೇಳಿ ತೀರದು. ಇದನ್ನು ಆಗುಮಾಡಿದವಳು ನನ್ನ ಮೊಮ್ಮಗಳು. ಬೆಳಿಗ್ಗೆ ಹಾಲು ಹಾಕಲು ಹೋದಾಗ ಡೈರಿಯಲ್ಲಿ ಸಾಲಿನಲ್ಲಿ ನಿಂತವರಿಗೆಲ್ಲ ಹೇಳಿಬಂದೆ. ಬರುವಾಗ ದಾರಿಯಲ್ಲಿ ಸಿಕ್ಕವರನ್ನೂ ನಿಲ್ಲಿಸಿ ಹೇಳಿದೆ. ಇನ್ನೂ ಹೊಟ್ಟೆ ತುಂಬಲಿಲ್ಲ.

ಇದನ್ನೆಲ್ಲ ಬರೆದಿಡು ಅಂದವಳೂ ಅವಳೇ. ಕಾಯಿಲೆಯವರನ್ನು ಮನೆಯಲ್ಲೇ ನೋಡಿಕೊಳ್ಳುವ ಬೇರೆ ಸಂಸಾರದವರಿಗೆ ಓದಿ ಹೇಳುತ್ತಾಳಂತೆ. ನಾನು ನಾಲ್ಕನೇ ಕ್ಲಾಸು ಕಲಿತವಳು. ಕಾಗುಣಿತ ನೀನು ತಿದ್ದು, ಮಾತು ಮಾತ್ರ ತಿದ್ದಬೇಡ ಎಂದು ಮೊದಲೇ ಹೇಳಿದ್ದೇನೆ.

ಅಕ್ಕ ಅಂದರೆ ನನ್ನ ಓರಗಿತ್ತಿ, ನಮ್ಮ ಯಜಮಾನರ ಅಣ್ಣನ ಹೆಂಡತಿ. ಇಬ್ಬರೂ ಒಂದೇ ಮನೆಗೆ ಸೊಸೆಯರಾಗಿ ಬಂದು ನಲವತ್ತು ವರ್ಷದ ಮೇಲಾಯಿತು. ಮಾಗಡಿ ಕಡೆ ನಮ್ಮ ಊರು. ಹುಳದ ಮನೆಯ ಬಾಗಿಲು ತೆಗೆದರೆ ಸಾವನದುರ್ಗದ ಬಂಡೆ ಕಾಣುತ್ತದೆ. ಅಕ್ಕನಿಗೆ ಎಡ ಎದೆಯಲ್ಲಿ ಗಡ್ಡೆ. ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದಳು. ಅದು ಒಡೆದು ಹುಣ್ಣಾದ ಮೇಲೆಯೇ ನಮಗೆ ಗೊತ್ತಾದದ್ದು. ಬೆಂಗಳೂರಿನ ಡಾಕ್ಟರು ಎಲ್ಲ ನೋಡಿ, ಬೆನ್ನುಮೂಳೆಗೂ ಹಬ್ಬಿದೆ, ಆಪರೇಷನ್ನಿನಿಂದ ಪ್ರಯೋಜನ ಇಲ್ಲ, ಮನೆಯಲ್ಲಿ ನೋವಿಲ್ಲದ ಹಾಗೆ ನೋಡಿಕೊಳ್ಳಿ ಎಂದು ಕಳಿಸಿದರು. ನೋವಿಲ್ಲದ ಹಾಗೆ ನೋಡಿಕೊಳ್ಳುವುದು ಹೇಗೆ ಎಂದು ಅಲ್ಲಿ ಯಾರೂ ಹೇಳಲಿಲ್ಲ.

ಅದನ್ನು ಹೇಳುವುದೇ ನನ್ನ ಮೊಮ್ಮಗಳ ಕೆಲಸ. ಅವಳು ನನ್ನ ಮಗನ ಮಗಳು. ನರ್ಸಿಂಗ್ ಮುಗಿಸಿ, ವಾಸಿಯಾಗದ ಕಾಯಿಲೆಯವರ ಆರೈಕೆಗೆಂದೇ ಬೇರೆ ತರಬೇತಿ ಪಡೆದು, ಈಗ ರಾಮನಗರದಿಂದ ಒಂದು ಜೀಪಿನಲ್ಲಿ ಊರೂರು ಸುತ್ತುತ್ತಾಳೆ. ಅದಕ್ಕೆ ಪ್ಯಾಲಿಯೇಟಿವ್ ಅನ್ನುತ್ತಾರೆ. ನನ್ನ ನಾಲಿಗೆ ಆ ಮಾತಿಗೆ ಹೊರಳಲು ಒಂದು ವಾರ ಹಿಡಿಯಿತು. ನಮ್ಮ ಮನೆಗೆ ಮಂಗಳವಾರ, ಶುಕ್ರವಾರ ಬರುತ್ತಿದ್ದಳು. ಬೇರೆ ಮನೆಗಳಲ್ಲಿ ಹೇಗೋ ಹಾಗೆಯೇ ಇಲ್ಲಿಯೂ. ಜೀಪಿನಿಂದ ಇಳಿದಾಗ ನರ್ಸು, ಹತ್ತುವ ಮುಂಚೆ ಒಂದು ಲೋಟ ಕಾಫಿ ಕುಡಿಯುವಾಗ ಮಾತ್ರ ಮೊಮ್ಮಗಳು.

ಮೊದಲ ದಿನ ಅವಳು ಅಕ್ಕನ ಮಂಚದ ಮೇಲೆ ಕೂತು ಗಾಯ ನೋಡಲಿಲ್ಲ, ಹತ್ತು ಬೆರಳು ಬಿಡಿಸಿ ತೋರಿಸಿ, ಇದರಲ್ಲಿ ಎಷ್ಟು ಬೆರಳು ನೋವು ಎಂದು ಕೇಳಿದಳು. ಅಕ್ಕ ಎಂಟು ಬೆರಳು ಮಡಿಸಿದಳು. ಆಮೇಲೆ ಇನ್ನೊಂದು ಕೇಳಿದಳು. ನೋವು ಇಳಿದರೆ ಏನು ಮಾಡಬೇಕೆಂದು ಆಸೆ?

ಅಕ್ಕ ಯೋಚಿಸಲೂ ಇಲ್ಲ. "ಈ ಬೆಳೆ ಹಣ್ಣಾಗೋ ದಿನ ಒಂದ್ಸಲ ಕೂತ್ಕಂಡು ಹುಳ ಆಯ್ಬೇಕು ಕಣವ್ವ. ಇನ್ನೇನೂ ಬ್ಯಾಡ," ಎಂದಳು.

ನೂರು ಮೊಟ್ಟೆ, ಅಂದರೆ ನೂರು ಚಿಟ್ಟೆ ಇಟ್ಟ ಮೊಟ್ಟೆಯಿಂದ ಒಡೆದ ಚಾಕಿ ಮರಿಹುಳ, ಆ ವಾರವಷ್ಟೇ ಮನೆಗೆ ಬಂದಿತ್ತು. ಹಣ್ಣಾಗಲು ಇನ್ನು ಎರಡು ವಾರದ ಮೇಲೆ ಒಂದೆರಡು ದಿನ. ಮೊಮ್ಮಗಳು ತನ್ನ ಪುಸ್ತಕದಲ್ಲಿ ಅದನ್ನೇ ಮೊದಲ ಸಾಲಿನಲ್ಲಿ ಬರೆದುಕೊಂಡಳು. ಕಾಯಿಲೆಯ ಹೆಸರು ಎರಡನೇ ಸಾಲು.

ಡಾಕ್ಟರಿಗೆ ಫೋನು ಮಾಡಿ ಮಾರ್ಫಿನ್ ಮಾತ್ರೆ ಶುರುಮಾಡಿಸಿದಳು. ಅಕ್ಕನ ಮಗ ಹೆದರಿದ. ಅದು ಮತ್ತಿನ ಮಾತ್ರೆಯಂತೆ, ಅವ್ವ ಚಟಕ್ಕೆ ಬೀಳುತ್ತಾಳೆ ಎಂದ. ನೋವಿಗೆ ಲೆಕ್ಕ ಹಾಕಿ ಕೊಟ್ಟರೆ ಹಾಗಾಗುವುದಿಲ್ಲ ಎಂದು ಅವಳು ಅರ್ಧ ಗಂಟೆ ಕೂತು ತಿಳಿಸಿ ಹೇಳಿದಳು. ಆಮೇಲೆ ಕೆಲಸ ನನ್ನ ಕೈಗೆ ಬಂತು. ನಾಲ್ಕು ಗಂಟೆಗೊಂದು ಮಾತ್ರೆ. ನೋವು ಬಂದಮೇಲೆ ಕೊಡುವುದಲ್ಲ, ಬರುವ ಮುಂಚೆಯೇ ಕೊಡಬೇಕು. ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು ಗಂಟೆಗೆ ಒಂದೊಂದು, ಮಲಗುವಾಗ ಎರಡು ಮಾತ್ರೆ ಒಟ್ಟಿಗೆ. ಜೊತೆಗೆ ಹೊಟ್ಟೆ ಸಡಿಲವಾಗುವ ಔಷಧಿ ಮರೆಯಲೇಬಾರದು, ಯಾಕೆಂದರೆ ಈ ಮಾತ್ರೆಗೆ ಮಲ ಕಟ್ಟುತ್ತದೆ. ಬಂದಾಗಲೆಲ್ಲ ಅವಳ ಮೊದಲ ಪ್ರಶ್ನೆ ಅದೇ. ಅಕ್ಕನಿಗೆ ನಗು. "ಊರಿನವ್ರೆಲ್ಲ ಊಟ ಆಯ್ತಾ ಅಂತ ಕೇಳಿದ್ರೆ ಇವ್ಳು ಹಿತ್ಲಿಗೆ ಹೋದ್ಯಾ ಅಂತ ಕೇಳ್ತಾಳೆ," ಅನ್ನುತ್ತಿದ್ದಳು.

ಗಡಿಯಾರದ ಲೆಕ್ಕ ನನಗೆ ಹೊಂದಲಿಲ್ಲ. ಹುಳದ ಕಾಲದಲ್ಲಿ ನಾನು ಗಡಿಯಾರ ನೋಡುವವಳಲ್ಲ, ಸೊಪ್ಪಿನ ಹೊತ್ತು ನೋಡುವವಳು. ನಮ್ಮದು ಹಳೇ ಪದ್ಧತಿ, ಬಿದಿರು ತಟ್ಟೆಯಲ್ಲಿ ಮೇಯಿಸುವುದು. ದಿನಕ್ಕೆ ಐದು ಸಲ ಸೊಪ್ಪು, ಹೆಚ್ಚುಕಮ್ಮಿ ಅವೇ ಹೊತ್ತಿಗೆ. ಅದಕ್ಕೆ ನಾನೇ ಉಪಾಯ ಹೇಳಿದೆ. ಹುಳಕ್ಕೆ ಸೊಪ್ಪು ಹಾಕಿ ಕೈ ತೊಳೆದವಳು ಹಾಗೇ ಬಂದು ಅಕ್ಕನಿಗೆ ಮಾತ್ರೆ ಕೊಡುತ್ತೇನೆ, ಮರೆಯುವ ಪ್ರಶ್ನೆಯೇ ಇಲ್ಲ ಎಂದೆ. ಮೊಮ್ಮಗಳಿಗೆ ಬಹಳ ಹಿಡಿಸಿತು. ಇದನ್ನು ಬೇರೆ ರೇಷ್ಮೆ ಮನೆಗಳಲ್ಲೂ ಹೇಳುತ್ತೇನೆ ಅಜ್ಜಿ ಎಂದು ಬರೆದುಕೊಂಡು ಹೋದಳು. ನಾನು ದೊಡ್ಡ ನರ್ಸಾದೆ ಎಂದು ಬೀಗಿಕೊಂಡೆ.

ನಾಲ್ಕು ದಿನ ಚೆನ್ನಾಗಿ ನಡೆಯಿತು. ಎಂಟು ಬೆರಳು ಮೂರಾಯಿತು. ಅಕ್ಕ ಎದ್ದು ಕೂತು ಮುಖ ತೊಳೆದುಕೊಂಡಳು. ರೇಡಿಯೋ ಹಾಕಿಸಿಕೊಂಡಳು. ನನ್ನ ಸೊಸೆಯ ಸಾರಿಗೆ ಹೆಸರಿಟ್ಟಳು.

ಆಮೇಲೆ ಸೋಮವಾರ ಮಧ್ಯಾಹ್ನದ ಸೊಪ್ಪು ತಿಂದ ಹುಳ ನಾಲ್ಕನೇ ಜ್ವರಕ್ಕೆ ಕೂತವು. ರೇಷ್ಮೆ ಗೊತ್ತಿಲ್ಲದವರಿಗೆ ಹೇಳಬೇಕು, ಇದು ನಿಜವಾದ ಜ್ವರವಲ್ಲ, ಹುಳ ಹಳೇ ಚರ್ಮ ಬಿಟ್ಟು ಹೊಸದು ತೊಡುವ ಹೊತ್ತು. ತಲೆಯೆತ್ತಿ ಅಲ್ಲಾಡದೆ ಕೂರುತ್ತವೆ. ಆಗ ಸುಣ್ಣದ ಪುಡಿ ಉದುರಿಸಿ ಸುಮ್ಮನೆ ಬಿಡಬೇಕು. ಒಂದು ಎಲೆಯೂ ಹಾಕಬಾರದು. ಒಂದೂವರೆ ದಿನ ಉಪವಾಸ.

ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಅಕ್ಕ ಮೊಣಕಾಲು ಹೊಟ್ಟೆಗೆ ಎಳೆದುಕೊಂಡು ಗೋಡೆ ಕಡೆ ತಿರುಗಿಬಿಟ್ಟಳು. ಮಾತಾಡಿಸಿದರೆ ಮಾತಿಲ್ಲ. ಹಣೆಯೆಲ್ಲ ಬೆವರು. ಅವಳ ಮಗ ಹೊಲದಿಂದ ಬಂದು ನೋಡಿದ. ಆ ಮಾತ್ರೆ ಕೈಕೊಟ್ಟಿತು, ಬೆಂಗಳೂರಿಗೆ ಕರೆದುಕೊಂಡು ಹೋಗಿ ಅಡ್ಮಿಟ್ ಮಾಡಿಸುತ್ತೇನೆ ಎಂದು ಕಾರಿಗೆ ಫೋನು ಮಾಡಿದ. ಅಲ್ಲಿ ಸೇರಿಸಿದರೆ ಅಕ್ಕ ಹುಳ ಆಯುವ ಮಾತು ಮುಗಿದಂತೆಯೇ. ತಿರುಗಿ ಮನೆಗೆ ಬರುವುದೇ ಅನುಮಾನ. ಮೊಮ್ಮಗಳು ಬರುವ ದಿನವೇ ಅದು. ಸೂರ್ಯ ಇಳಿಯುವ ಮುಂಚೆ ಜೀಪು ಬಂತು, ಕಾರು ಇನ್ನೂ ಬಂದಿರಲಿಲ್ಲ.

ಅವಳು ಅಕ್ಕನ ಕೈ ಹಿಡಿದು ಬೆರಳು ಕೇಳಿದಳು. ಅಕ್ಕ ಎರಡೂ ಕೈ ಮುಷ್ಟಿ ಕಟ್ಟಿದಳು, ಹತ್ತಕ್ಕೆ ಹತ್ತು. ಮೊಮ್ಮಗಳು ಗಾಬರಿಯಾಗಲಿಲ್ಲ. ಮಾತ್ರೆಯ ಡಬ್ಬಿ ತರಿಸಿ, ಪುಸ್ತಕ ತೆಗೆದು, ಮಂಚದ ಮೇಲೆ ಒಂದೊಂದೇ ಮಾತ್ರೆ ಎಣಿಸಿದಳು. ತಿರುಗಿ ಎಣಿಸಿದಳು.

"ಅಜ್ಜಿ, ಆರು ಮಾತ್ರೆ ಜಾಸ್ತಿ ಅವೆ. ನಿನ್ನೆ ಸಂಜೆಯಿಂದ ಕೊಟ್ಟಿಲ್ವಾ?"

"ಹುಳ ಕೂತವಲ್ಲ ಮಗ. ಸೊಪ್ಪೇ ಹಾಕಿಲ್ಲ," ಎಂದೆ ನಾನು. ಹೇಳಿ ಮುಗಿಸುವಷ್ಟರಲ್ಲಿ ನನಗೇ ಅರ್ಥವಾಯಿತು.

ಅವಳು ನನ್ನ ಕಡೆ ನೋಡುತ್ತಾ ಕೂರಲಿಲ್ಲ. ಡಾಕ್ಟರಿಗೆ ಫೋನು ಹಚ್ಚಿ, ಇಷ್ಟು ಹೊತ್ತು ತಪ್ಪಿದೆ, ಹಿಂದಿನ ಅಳತೆಯಲ್ಲೇ ಶುರುಮಾಡಲೇ ಎಂದು ಕೇಳಿ, ಮಾತ್ರೆ ಕೊಟ್ಟಳು. ಅಕ್ಕನ ಬೆನ್ನಿಗೆ ದಿಂಬು, ಕಾಲ ನಡುವೆ ಒಂದು ದಿಂಬು ಕೊಟ್ಟು ಮಗ್ಗುಲಿಗೆ ಮಲಗಿಸಿದಳು. ಒಂದು ಗಂಟೆ ಅಲ್ಲೇ ಕೂತಿದ್ದು, ನೋವು ಪೂರ್ತಿ ಇಳಿಯದಿದ್ದಕ್ಕೆ ಡಾಕ್ಟರನ್ನು ಕೇಳಿಯೇ ಇನ್ನೊಂದು ಕೊಟ್ಟಳು. ಕಾರು ಬಂದು ಬಾಗಿಲಲ್ಲಿ ನಿಂತಾಗ ಅಕ್ಕ ನಾಲ್ಕು ಬೆರಳಿಗೆ ಇಳಿದಿದ್ದಳು.

ಮೊಮ್ಮಗಳು ಅಕ್ಕನ ಮಗನ ಮುಂದೆ ಹೋಗಿ ನಿಂತಳು. "ತಪ್ಪು ನಂದು ದೊಡ್ಡಪ್ಪ. ಅಜ್ಜಿ ಹೇಳಿದ್ದು ಚೆಂದಾಗೈತೆ ಅಂತ ಬರ್ಕಂಡೆ. ಸೊಪ್ಪು ನಿಲ್ಸೋ ದಿನ ಏನ್ ಮಾಡ್ತೀರಿ ಅಂತ ಕೇಳ್ಬೇಕಿತ್ತು, ಕೇಳ್ಲಿಲ್ಲ. ಮಾತ್ರೆ ಕೈಕೊಟ್ಟಿಲ್ಲ. ಈ ಶುಕ್ರವಾರದವರೆಗೆ ನೋಡು, ನೋವು ಹಿಡಿತಕ್ಕೆ ಬರದಿದ್ರೆ ನಾನೇ ಜೊತೇಲಿ ಬೆಂಗಳೂರಿಗೆ ಬತ್ತೀನಿ."

ಮಂಚದಿಂದ ಅಕ್ಕನ ದನಿ ಬಂತು. "ಕಾರ್ ಕಳ್ಸ್ಲಾ. ಹುಳಕ್ಕೇ ಇಲ್ದಿದ್ಮೇಲೆ ನಂಗೆಂಗೆ ಕೇಳೋದು ಅಂತ ನಾನೂ ಸುಮ್ಕಿದ್ದೆ. ಮೂರು ಜನವೂ ದಡ್ರೇ."

ಅಕ್ಕನ ಮಗನಿಗೆ ನಗು ತಡೆಯಲಾಗಲಿಲ್ಲ. ಕಾರು ವಾಪಸು ಹೋಯಿತು. ಅವತ್ತಿನಿಂದ ಸೊಸೆಯ ಫೋನಿನಲ್ಲಿ ಐದು ಹೊತ್ತಿಗೂ ಅಲಾರಂ. ನಾನು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ದಿನಕ್ಕೆ ಐದು ಗೆರೆ ಎಳೆದು, ಕೊಟ್ಟ ಹಾಗೆಲ್ಲ ಒಂದೊಂದನ್ನು ಅಳಿಸತೊಡಗಿದೆ. ಶುಕ್ರವಾರಕ್ಕೆ ನೋವು ಎರಡು ಬೆರಳು.

ಒಂದು ಅಡ್ಡಿ ದಾರಿ ಬಿಟ್ಟಿತು ಅಂದುಕೊಂಡರೆ ಇನ್ನೊಂದು ಅಡ್ಡ ಬಂತು. ಅಕ್ಕ ಈಗ ಕೂರಬಲ್ಲಳು, ಆದರೆ ಹುಳದ ಮನೆಗೆ ಬರಲಾರೆ ಅಂದಳು. ಕಾರಣ, ಗಾಯದ ವಾಸನೆ. ಗಾಟು ವಾಸನೆ ಹುಳಕ್ಕೆ ಆಗದು.

ನಮ್ಮ ಮನೆಯಲ್ಲಿ ಹುಳದ ಮನೆಯ ಕಟ್ಟುನಿಟ್ಟು ಮಾಡಿದವಳೇ ಅಕ್ಕ. ಹೂ ಮುಡಿದು ಒಳಗೆ ಬರುವಂತಿಲ್ಲ. ಹೊಗೆಸೊಪ್ಪು ಹಾಕುವವರು ಅತ್ತ ಸುಳಿಯುವಂತಿಲ್ಲ. ಒಗ್ಗರಣೆ ಹಾಕುವಾಗ ನಡುವಿನ ಬಾಗಿಲು ಮುಚ್ಚಬೇಕು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ತಲೆಗೆ ಗಮಗಮ ಎಣ್ಣೆ ಹಚ್ಚಿಕೊಂಡೆನೆಂದು ನನ್ನನ್ನು ಹೊರಗೆ ನಿಲ್ಲಿಸಿ ಸೀಗೆಕಾಯಿ ಕೊಟ್ಟು ಕಳಿಸಿದ್ದಳು. ಸೆಂಟು ಹಾಕಿಕೊಂಡು ಹುಳ ನೋಡಲು ಬಂದ ಒಬ್ಬ ಅಧಿಕಾರಿಯನ್ನೂ ಬಿಟ್ಟವಳಲ್ಲ, ಅವರು ಕಿಟಕಿಯಿಂದ ನೋಡಿ ಹೋದರು. ಅಂಥವಳು ಈಗ ತನಗೇ ಬಾಗಿಲು ಹಾಕಿಕೊಂಡಳು. ಮೊಮ್ಮಗಳು ಎಷ್ಟು ಹೇಳಿದರೂ ಇಲ್ಲ.

"ನನ್ನ ನಾತಕ್ಕೆ ಬೆಳೆ ಕೆಟ್ರೆ ಈ ಮನೆಯವ್ರಿಗೆ ನಾನ್ ಏನ್ ಹೇಳ್ಲಿ? ಬುಡು ಮಗ. ಆಸೆ ಹೇಳಿದ್ದೇ ತಪ್ಪಾಯ್ತು."

ಮೊಮ್ಮಗಳು ವಾದ ಮಾಡಲಿಲ್ಲ, ಗಾಯಕ್ಕೆ ಕೈ ಹಾಕಿದಳು. ಅದಕ್ಕೂ ನನಗೆ ಕೆಲಸ ಕಲಿಸಿದಳು. ಹಳೇ ಹತ್ತಿ ಸೀರೆ ಹರಿದು ಅಂಗೈ ಅಗಲದ ತುಂಡು ಮಾಡಿ, ಒಗೆದು ಒಣಗಿಸಿ, ಇಡ್ಲಿ ಪಾತ್ರೆಯಲ್ಲಿ ಹಬೆಗೆ ಬೇಯಿಸಿಡಬೇಕು. ನೀರು ಕುದಿಸಿ ಉಪ್ಪು ಹಾಕಿ ಆರಿಸಿ, ಮೇಲಿನಿಂದ ಧಾರೆ ಬಿಟ್ಟು ಗಾಯ ತೊಳೆಯಬೇಕು, ಉಜ್ಜಬಾರದು. ಆಮೇಲೆ ಅವಳು ತಂದುಕೊಟ್ಟ ಒಂದು ಮಾತ್ರೆಯನ್ನು ಎರಡು ಚಮಚದ ನಡುವೆ ಅರೆದು, ಆ ಪುಡಿಯನ್ನು ಗಾಯದ ಮೇಲೆ ಉದುರಿಸಬೇಕು. ಹೊಟ್ಟೆ ಕೆಟ್ಟು ಭೇದಿಯಾದರೆ ಕೊಡುತ್ತಾರಲ್ಲ, ಅದೇ ಮಾತ್ರೆಯಂತೆ. ವಾಸನೆ ಬರಿಸುವ ಕ್ರಿಮಿಯನ್ನು ಅದು ಕೊಲ್ಲುತ್ತದಂತೆ. ಬಟ್ಟೆ ಅಂಟಿಕೊಂಡರೆ ಎಳೆಯಬಾರದು, ನೀರು ಬಿಟ್ಟು ನೆನೆಸಿ ಬಿಡಿಸಬೇಕು. ಮೊದಲ ಸಲ ನೋವಾದೀತೆಂದು ಸಡಿಲವಾಗಿ ಕಟ್ಟಿದೆ. ಎರಡನೇ ದಿನ ಅಕ್ಕನೇ, ಒಸಿ ಬಿಗಿಯಾಗಿ ಕಟ್ಟು, ಜಾರ್ತೈತೆ ಎಂದು ಹೇಳಿಕೊಟ್ಟಳು.

ನಾಲ್ಕೇ ದಿನಕ್ಕೆ ವಾಸನೆ ಅರ್ಧಕ್ಕರ್ಧ ಇಳಿಯಿತು. ನಮ್ಮ ಮೂಗಿಗೆ ಗೊತ್ತಾಗುತ್ತಿತ್ತು, ಅಕ್ಕನ ಮನಸ್ಸಿಗೆ ಗೊತ್ತಾಗಲಿಲ್ಲ. ನನ್ನ ಮೂಗು ಸತ್ತೋಗೈತೆ, ನೀವು ಸುಳ್ಳು ಹೇಳ್ತೀರಿ ಎಂದು ಹಟ. ಹುಳ ಕೊನೆಯ ಮೇವಿನಲ್ಲಿದ್ದವು. ಇನ್ನು ನಾಲ್ಕೈದು ದಿನಕ್ಕೆ ಹಣ್ಣು.

ಆಗ ನನಗೆ ಹೊಳೆಯಿತು. ಮನುಷ್ಯರ ಮಾತು ನಂಬದಿದ್ದರೆ ಬೇಡ, ಹುಳವನ್ನೇ ಕೇಳೋಣ. ತಟ್ಟೆ ಜೋಡಿಸುವ ಸ್ಟ್ಯಾಂಡಿನಿಂದ ಒಂದು ತಟ್ಟೆ ಹುಳ ಎತ್ತಿಕೊಂಡು ಬಂದು ಅಕ್ಕನ ಮಂಚದ ಪಕ್ಕ ಸ್ಟೂಲಿನ ಮೇಲೆ ಇಟ್ಟೆ. ಸೊಸೆ ಹೌಹಾರಿದಳು. ಇಡೀ ಬೆಳೆ ಹೋದರೆ ಎಂದಳು. ಹೋಗುವುದಿಲ್ಲ, ಈ ತಟ್ಟೆ ವಾಪಸು ಒಳಗೆ ಬರುವುದಿಲ್ಲ, ಇದಕ್ಕೆ ಸೊಪ್ಪು ಹಾಕಿದವರು ಕೈಕಾಲು ತೊಳೆಯದೆ ಒಳಗೆ ಹೋಗಬಾರದು, ಕೆಟ್ಟರೆ ಈ ತಟ್ಟೆ ಒಂದು ಕೆಡಲಿ, ಅದು ನನ್ನ ತಲೆಗಿರಲಿ ಎಂದೆ. ಅಕ್ಕ ಮುಖ ಆ ಕಡೆ ತಿರುಗಿಸಿಕೊಂಡಳು.

"ಸಾಯ್ಲಿ ಅಂತ ತಂದಿಟ್ಟಿದ್ಯೇನಮ್ಮಿ ಅವನ್ನ?"

"ನೀನೇ ನೋಡ್ಕ. ಸತ್ರೆ ನೀನು ಹೇಳಿದ್ದು ಸರಿ. ಬದುಕಿದ್ರೆ ನಾನು ಹೇಳ್ದಂಗೆ ಕೇಳ್ಬೇಕು," ಎಂದೆ. ನಲವತ್ತು ವರ್ಷದಲ್ಲಿ ಅವಳಿಗೆ ನಾನು ಎದುರು ಹೇಳಿದ್ದು ಅದೇ ಮೊದಲು.

ಮೊದಲ ದಿನ ಅವಳು ತಟ್ಟೆಯ ಕಡೆ ನೋಡಲೇ ಇಲ್ಲ. ಮೊಮ್ಮಗಳು ಫೋನಿನಲ್ಲಿ ಸುದ್ದಿ ಕೇಳಿ, ಇದು ನನ್ನ ಪುಸ್ತಕದಲ್ಲಿ ಎಲ್ಲೂ ಇಲ್ಲವಲ್ಲ ಅಜ್ಜಿ ಎಂದು ನಕ್ಕಳು. ಎರಡನೇ ದಿನ ಬೆಳಿಗ್ಗೆ ನಾನು ಸೊಪ್ಪು ತರುವುದು ತಡವಾಯಿತು. ಬಂದು ನೋಡಿದರೆ ಅಕ್ಕ ಮೊಣಕೈ ಊರಿ ಬಗ್ಗಿ, ಬಲಗೈಯಲ್ಲಿ ತಟ್ಟೆಯ ಒಣಗಿದ ಎಲೆ ತೆಗೆಯುತ್ತಿದ್ದಳು. ಹುಳ ಹಸಿದಿವೆ, ನೀನು ಎಲ್ಲಿ ಮಾತಾಡುತ್ತಾ ನಿಂತೆ ಎಂದು ಬಯ್ದಳು. ಆಮೇಲೆ ಆ ತಟ್ಟೆಗೆ ಸೊಪ್ಪು ಹಾಕುವುದು ಅವಳದೇ ಕೆಲಸವಾಯಿತು. ನಾನು ಕಡ್ಡಿಯಿಂದ ಎಲೆ ಬಿಡಿಸಿಕೊಟ್ಟರೆ ಅವಳು ತೆಳ್ಳಗೆ ಹರಡುವಳು. ಹುಳ ಮೇಯುವ ಸದ್ದು ಕಿವಿಯ ಪಕ್ಕದಲ್ಲೇ ಇದ್ದುದರಿಂದ ನಿದ್ದೆ ಚೆನ್ನಾಗಿ ಬರುತ್ತಿದೆ ಎಂದು ಮೊಮ್ಮಗಳ ಹತ್ತಿರ ಹೇಳಿದಳು. ಅವಳು ಅದನ್ನೂ ಬರೆದುಕೊಂಡಳು.

ನಾಲ್ಕನೇ ದಿನ ಅಕ್ಕನ ಮಗ ಒಳಗಿನ ಒಂದು ತಟ್ಟೆಯನ್ನು ಬಾಗಿಲವರೆಗೆ ತಂದು ಹಿಡಿದ. ಅಕ್ಕ ಅದನ್ನು ನೋಡಿದಳು, ಇದನ್ನು ನೋಡಿದಳು. ತನ್ನ ತಟ್ಟೆಯ ಒಂದು ಹುಳವನ್ನು ಅಂಗೈಗೆ ತೆಗೆದುಕೊಂಡು ಬೆರಳಲ್ಲಿ ಮುಟ್ಟಿ, ಅದು ಗಟ್ಟಿಯಾಗಿ ಹಿಡಿದುಕೊಳ್ಳುವುದನ್ನು ಪರೀಕ್ಷೆ ಮಾಡಿದಳು.

"ಒಳಗಿನವಕ್ಕಿಂತ ಇವೇ ದಪ್ಪ ಅವೆ," ಎಂದಳು. ಅಂಗೈಯ ಹುಳವನ್ನು ತಟ್ಟೆಗೆ ಬಿಟ್ಟು, "ಸೋತೆ ಕಣಮ್ಮಿ," ಎಂದಳು.

ಮೊನ್ನೆ ಸಂಜೆ ಅಲ್ಲೊಂದು ಇಲ್ಲೊಂದು ಹುಳ ಹಣ್ಣಾಗತೊಡಗಿತು. ನಿನ್ನೆ ಬೆಳಿಗ್ಗೆ ನೋಡಿದರೆ ಅರ್ಧ ಮನೆ ಹಣ್ಣು. ಹಣ್ಣು ಹುಳ ಬೆಳಕಿಗೆ ಹಿಡಿದರೆ ಒಳಗೆಲ್ಲ ಕಾಣುತ್ತದೆ, ಜೇನಿನ ಬಣ್ಣಕ್ಕೆ ತಿರುಗಿ ಮೈ ಕುಗ್ಗಿ, ಗೂಡು ಕಟ್ಟಲು ಜಾಗ ಹುಡುಕುತ್ತಾ ತಲೆ ಆಡಿಸುತ್ತದೆ. ತಡಮಾಡಿದರೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳುಮಾಡಿಕೊಳ್ಳುತ್ತವೆ. ಅಕ್ಕಪಕ್ಕದವರು, ನನ್ನ ಮಗ, ಸೊಸೆ, ಎಲ್ಲರೂ ಕೈಜೋಡಿಸಿದರು. ಮೊಮ್ಮಗಳಿಗೆ ಶುಕ್ರವಾರದ ಸರದಿ, ಅವಳು ನಮ್ಮ ಮನೆಯನ್ನು ಕೊನೆಗೆ ಇಟ್ಟುಕೊಂಡು ಮಧ್ಯಾಹ್ನ ಬಂದಳು. ಗಾಯಕ್ಕೆ ಹೊಸ ಬಟ್ಟೆ ಕಟ್ಟಿ, ಎತ್ತುವುದಕ್ಕೆ ಅರ್ಧ ಗಂಟೆ ಮುಂಚೆ ಒಂದು ಮಾತ್ರೆ ಕೊಟ್ಟಳು. ಅಲುಗಾಡಿಸಿದಾಗ ನೋವು ಹಾರುತ್ತದಂತೆ, ಅದಕ್ಕೆ ಮುಂಚೆಯೇ ತಡೆ. ಅಕ್ಕನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಒಂದು ಕಡೆ ಅವಳ ಮಗ, ಇನ್ನೊಂದು ಕಡೆ ನನ್ನ ಮಗ ಹಿಡಿದು ಹುಳದ ಮನೆಗೆ ತಂದರು. ಹೊಸ್ತಿಲ ಹತ್ತಿರ ಅಕ್ಕ ನಿಲ್ಲಿಸಿ ಎಂದಳು. ಮತ್ತೆ ಮನಸ್ಸು ಬದಲಾಯಿಸಿದಳೇನೋ ಎಂದುಕೊಂಡೆ. ಅವಳು ಕೈ ತೊಳೆಯಲು ನೀರು ಕೇಳಿದಳು, ಅಷ್ಟೇ.

ಚಾಪೆ ಮೇಲೆ ಇಳಿಸಿ, ಗೋಡೆಗೆ ದಿಂಬು ಕೊಟ್ಟು, ತೊಡೆಯ ಪಕ್ಕ ತಟ್ಟೆ ಇಟ್ಟೆವು. ಅವಳ ಕೈ ನಮ್ಮ ಯಾರ ಕೈಯಷ್ಟೂ ನಿಧಾನವಿರಲಿಲ್ಲ. ಹಸಿ ಹುಳ ಬಿಟ್ಟು ಹಣ್ಣು ಹುಳ ಮಾತ್ರ ಎತ್ತಿ ಎತ್ತಿ ಹಾಕಿದಳು. ನನ್ನ ಮಗ ತುಂಬಿಸಿದ ಚಂದ್ರಿಕೆ ನೋಡಿ, ಇಷ್ಟು ಒತ್ತೊತ್ತಾಗಿ ಹಾಕಿದರೆ ಎರಡೆರಡು ಸೇರಿ ಒಂದು ಗೂಡು ಕಟ್ಟುತ್ತವೆ ಎಂದು ಗದರಿ, ಅರ್ಧ ಹುಳ ತೆಗೆಸಿದಳು. ಸೊಸೆಗೆ ಬಯ್ದಳು. ನನಗೆ ಬಯ್ದಳು. ಮೊಮ್ಮಗಳು ಹಸಿ ಹುಳವೊಂದನ್ನು ಹಣ್ಣೆಂದು ಎತ್ತಿದ್ದಕ್ಕೆ, ಇಷ್ಟು ಓದಿ ಏನು ಬಂತು ಎಂದು ಅವಳಿಗೂ ಬಯ್ದಳು. ಒಂದು ಗಂಟೆಯ ಮೇಲೆ ಕೂತಿದ್ದಳು. ಎರಡನೇ ಚಂದ್ರಿಕೆ ತುಂಬಿದಾಗ ಸಾಕು ಎಂದು ಅಲ್ಲೇ ಚಾಪೆಯ ಮೇಲೆ ಒರಗಿ, ಚಂದ್ರಿಕೆಗಳನ್ನು ಹೊರಗೆ ಗಾಳಿಗೆ ಒರಗಿಸುವುದನ್ನು ನೋಡುತ್ತಾ ಕಣ್ಣು ಮುಚ್ಚಿದಳು. ಮೊಮ್ಮಗಳು ಬೆರಳು ಕೇಳಿದಳು. ಅಕ್ಕ ಒಂದು ಬೆರಳು ಮಡಿಸಿದಳು, ಕಣ್ಣು ಬಿಡಲಿಲ್ಲ.

ಸಂಜೆ ಹುಳ ಆಯಲು ಬಂದವರಿಗೆಲ್ಲ ನಮ್ಮಲ್ಲೇ ಊಟ. ಮುದ್ದೆ, ಅವರೆಕಾಳು ಸಾರು, ಅನ್ನ, ಹಪ್ಪಳ. ಮೊಮ್ಮಗಳು ಜೀಪು ಕಳಿಸಿ ಉಳಿದುಕೊಂಡಳು. ನಡುಮನೆಯಲ್ಲಿ ಎರಡು ಸಾಲು ಕೂತೆವು. ಅಕ್ಕ ಮಂಚಕ್ಕೆ ಊಟ ಬೇಡ, ಸಾಲಿನಲ್ಲೇ ಕೂರುತ್ತೇನೆ ಎಂದಳು. ನನಗೂ ಮೊಮ್ಮಗಳಿಗೂ ನಡುವೆ ಕೂರಿಸಿಕೊಂಡೆವು. ಅಕ್ಕನ ಮಗ ಖುಷಿಯಲ್ಲಿ, ಮುಂದಿನ ಬೆಳೆಗೆ ಇನ್ನೂರು ಮೊಟ್ಟೆ ತರೋಣ, ಅವ್ವನೇ ಮುಂದೆ ನಿಂತು ಮೇಯಿಸಲಿ ಎಂದುಬಿಟ್ಟ. ಎಲ್ಲರ ಕೈಯೂ ತಟ್ಟೆಯಲ್ಲೇ ನಿಂತಿತು. ಮೊಮ್ಮಗಳ ಕಡೆ ನೋಡಿದೆ. ಅವಳು ಅಕ್ಕನ ಮೊಣಕಾಲ ಮೇಲೆ ಕೈ ಇಟ್ಟಳು.

ಅಕ್ಕ ಬಾಯಲ್ಲಿದ್ದ ತುತ್ತು ನುಂಗಿದಳು.

"ಮುಂದಿನ ಬೆಳೆಗೆ ನಾನಿರ್ತೀನೋ ಇಲ್ವೋ, ಅದು ನಂಗೂ ಗೊತ್ತಿಲ್ಲ, ಈ ಮಗೀಗೂ ಗೊತ್ತಿಲ್ಲ. ಇವತ್ತಿನ ಸಾರು ಚೆಂದಾಗೈತೆ. ಇನ್ನೊಂದು ಸೌಟು ಬುಡು."

ಸೊಸೆ ಎದ್ದು ಬಂದು ಬಡಿಸಿದಳು. ಎಲ್ಲರೂ ತಿರುಗಿ ಉಣ್ಣತೊಡಗಿದೆವು.